ಕಬ್ಬಿನ ಗಾಡಿಯೂ ಹಳದಿ ಬಸ್ಸೂ

ಮೊಮ್ಮಗಳ ಸ್ಕೂಲ್ ಬ್ಯಾಗನ್ನು ತಲೆಕೆಳಗು ಮಾಡಿ ಕೊಡವುವುದು ನನ್ನ ರವಿವಾರದ ಡ್ಯೂಟಿ. ಪೆನ್ಸಿಲ್ ಚೂರು, ಅರ್ಧ ಕಡಿದ ಶೇಂಗಾ ಉಂಡಿ, ಯಾರದೋ ಹೇರ್‌ಕ್ಲಿಪ್ಪು, ಒಂಟಿ ಸಾಕ್ಸು, ಇಷ್ಟು ಉದುರಿದರೆ ಎಲ್ಲ ನಾರ್ಮಲ್ ಎಂದು ತಿಳಿಯಬೇಕು. ಕಳೆದ ಚಳಿಗಾಲದ ಒಂದು ರವಿವಾರ ಕೊಡವಿದಾಗ ಏನು ಬಿತ್ತು ಹೇಳಿ ನೋಡೋಣ? ಕಬ್ಬಿನ ಸಿಪ್ಪೆ! ಒಣಗಿ ರಿಬ್ಬನ್ನಿನಂತೆ ಸುರುಳಿ ಸುತ್ತಿದ ಸಿಪ್ಪೆ, ಬೊಗಸೆ ತುಂಬ. ಅದರ ಹಿಂದೆಯೇ ಇರುವೆಗಳ ಒಂದು ಗ್ರ್ಯಾಂಡ್ ಪ್ರೊಸೆಶನ್.

ನೀವಾಗಿದ್ದರೆ ಹುಡುಗಿಯನ್ನು ಕರೆದು ಬೈಯುತ್ತಿದ್ದಿರಿ. ನಾನು ಸಿಪ್ಪೆಯನ್ನು ಮೂಗಿಗೆ ಹಿಡಿದೆ. ಹಿಡಿದದ್ದೇ ತಡ, ಮೊಣಕಾಲು ನೋವು, ಬಿಪಿ, ಕನ್ನಡಕ ಎಲ್ಲ ಎಲ್ಲೋ ಹಾರಿಹೋಗಿ ಎರಡು ಜಡೆಯ ಹುಡುಗಿಯಾಗಿಬಿಟ್ಟೆ.

ನಮ್ಮ ಮನೆ ಇರುವುದು ಇಂಡಿ ತಾಲೂಕಿನಲ್ಲಿ, ಸಾಲೋಟಗಿ ದಾಟಿದ ಮೇಲೆ ಸಿಗುವ ಒಂದು ಕ್ರಾಸಿನಲ್ಲಿ. ಮನೆಯ ಹಿಂದೆ ನಮ್ಮದೇ ಕಬ್ಬಿನ ಹೊಲ. ಹಿತ್ತಿಲ ಗೋಡೆಗೆ ಒರಗಿಸಿಟ್ಟ ಕಬ್ಬಿನ ಗಳಗಳನ್ನು ಯಾರೂ ಮೂಸಿಯೂ ನೋಡುವುದಿಲ್ಲ, ಕಡೆಗೆ ಎಮ್ಮೆಗೆ ಹೋಗುತ್ತವೆ. ಹಾಗಿರುವಾಗ ಬ್ಯಾಗಿನಲ್ಲಿ ಬಚ್ಚಿಟ್ಟು ತಿನ್ನುವಂಥ ಕಬ್ಬು ಯಾವುದು? ನನಗೆ ಡೌಟೇ ಇರಲಿಲ್ಲ. ಇದು ಓಡುವ ಗಾಡಿಯಿಂದ ಹಿರಿದ ಕಬ್ಬು. ಅದರ ರುಚಿಯೇ ಬೇರೆ. ತಿಂದವರಿಗೆ ಗೊತ್ತು.

ನನಗೆ ಗೊತ್ತು. ನನ್ನ ತವರು ಮುದ್ದೇಬಿಹಾಳದ ಕಡೆ, ತಂಗಡಗಿಯ ಹತ್ತಿರ, ಕೃಷ್ಣೆಯ ದಂಡೆಯ ಮೇಲೆ. ಆಗ ಕಬ್ಬು ಹೋಗುತ್ತಿದ್ದುದು ಎತ್ತಿನ ಗಾಡಿಯಲ್ಲಿ, ಬೆಲ್ಲದ ಗಾಣಕ್ಕೆ. ಗಾಡಿಯವನು ಮುಂದೆ ಕೂತು ತೂಕಡಿಸುತ್ತಿದ್ದ. ಎತ್ತುಗಳಿಗೆ ದಾರಿ ಗೊತ್ತಿತ್ತು, ನಮಗೆ ಅವನ ತೂಕಡಿಕೆ ಗೊತ್ತಿತ್ತು. ಹಿಂದಿನಿಂದ ಬೆಕ್ಕಿನ ಹೆಜ್ಜೆಯಲ್ಲಿ ಹೋಗಬೇಕು. ತುದಿಯಲ್ಲಿ ತೂಗುವ ಗಳ ಹಿಡಿಯಬಾರದು, ಅದು ಮುರಿದು ಬರುತ್ತದೆ. ಹೊರೆಯ ನಡುವಿನ ಗಳವನ್ನು ಬಿಗಿಯಾಗಿ ಹಿಡಿದು ನಡೆಯುತ್ತಿರಬೇಕು. ಗಾಲಿ ಕೊರಕಲಿಗೆ ಇಳಿದು ಗಾಡಿ ಜರ್ಕ್ ಹೊಡೆಯಿತೋ, ಆಗ ಹಿರಿಯಬೇಕು. ಸರ್ರನೆ ಇಡೀ ಗಳ ಕೈಗೆ! ಗಾಡಿಯವನಿಗೆ ಎಚ್ಚರವಾದರೂ ಏನು ಮಾಡಿಯಾನು? "ಏ ನಿಮ್ಮೌರ" ಎಂದು ಬಾರುಕೋಲು ಎತ್ತುತ್ತಿದ್ದ, ನಗುತ್ತಿದ್ದ, ಮತ್ತೆ ತೂಕಡಿಸುತ್ತಿದ್ದ. ಎಲ್ಲಿ ಹೋದವೋ ಆ ಎತ್ತುಗಳು. ನಾವು ನಡೆದಷ್ಟೇ ಸ್ಪೀಡಿನಲ್ಲಿ ಅವೂ ನಡೆಯುತ್ತಿದ್ದವು. ಬಿದ್ದರೆ ಧೂಳಿನಲ್ಲಿ ಬೀಳುತ್ತಿದ್ದೆವು, ಎದ್ದು ಬರುತ್ತಿದ್ದೆವು.

ಆಮೇಲೆ ಅಪ್ಪ ನನ್ನನ್ನು ಬಿಜಾಪುರದ ಕಾನ್ವೆಂಟ್ ಬೋರ್ಡಿಂಗಿಗೆ ಹಾಕಿದ. ಅಲ್ಲಿ ಸಿಸ್ಟರ್ ಬೆನಡಿಕ್ಟಾ ಎಂಬ ದೊಡ್ಡ ಕೈಯ, ಸಣ್ಣ ದನಿಯ ಸಿಸ್ಟರ್ ನಮ್ಮನ್ನು ಜೋಡಿ ಜೋಡಿಯಾಗಿ ಕೈ ಹಿಡಿಸಿ ವಾಕಿಂಗಿಗೆ ಕರೆದೊಯ್ಯುತ್ತಿದ್ದರು. "ಟೂ ಬೈ ಟೂ, ಗರ್ಲ್ಸ್! ಹೋಲ್ಡ್ ಹ್ಯಾಂಡ್ಸ್!" ಕ್ರಿಸ್‌ಮಸ್ ರಜೆ ಮುಗಿಸಿ ಬರುವಾಗ ಒಂದು ಸಲ ಟ್ರಂಕಿನಲ್ಲಿ ಅವರಿಗಾಗಿ ಕಬ್ಬಿನ ಗಣಿಕೆ ತಂದಿದ್ದೆ. "ಡಿಡ್ ಯೂ ಪೇ ಫಾರ್ ಇಟ್?" ಎಂದು ಕೇಳಿದರು. "ನೋ ಸಿಸ್ಟರ್, ಐ ಪುಲ್ಡ್ ಇಟ್" ಎಂದೆ. ಸಿಸ್ಟರ್ ತುಸು ಹೊತ್ತು ಯೋಚಿಸಿದರು. ಆಮೇಲೆ ಕಚ್ಚಿದರು. ಕಣ್ಣು ಮುಚ್ಚಿ ಕೊನೆಯ ಹನಿಯವರೆಗೂ ಹೀರಿ, "ವೆರಿ ಸ್ವೀಟ್. ಡೋಂಟ್ ಡೂ ಇಟ್ ಅಗೇನ್" ಎಂದರು. ಎರಡನೆಯ ಮಾತಿಗಿಂತ ಮೊದಲನೆಯದೇ ನನ್ನ ತಲೆಯಲ್ಲಿ ಉಳಿಯಿತು.

ಈ ಕಥೆಗಳನ್ನೆಲ್ಲ ನಾನು ಮೊಮ್ಮಗಳು ಅಕ್ಷತಾಗೆ, ನಮ್ಮ ಅಕ್ಕೂಗೆ, ಮಲಗುವಾಗ ಹೇಳುತ್ತಿದ್ದೆ. ಆ್ಯಕ್ಷನ್ ಸಮೇತ. ಬೆಡ್‌ಶೀಟನ್ನು ಕಬ್ಬಿನ ಹೊರೆ ಮಾಡಿಕೊಂಡು. ಎರಡನೆಯ ಇಯತ್ತೆಯ ಹುಡುಗಿ ಎಷ್ಟು ಅಟೆಂಟಿವ್ ಆಗಿ ಕೇಳುತ್ತಾಳಲ್ಲ ಎಂದು ನನಗೆ ಬಲು ಹೆಮ್ಮೆ.

ಈಗ ಹಂಪಿನ ವಿಷಯ ಹೇಳಬೇಕು. ಹಂಪಿ ಅಲ್ಲ, ರಸ್ತೆಯ ಹಂಪ್. ಸಂಜೆ ಇಂಡಿಯಿಂದ ಬರುವ ಸ್ಕೂಲ್ ಬಸ್ಸು ಮಕ್ಕಳನ್ನು ಇಳಿಸುವುದು ರಸ್ತೆಯ ಆ ಕಡೆಗೆ, ಮನೆಗಳೆಲ್ಲ ಇರುವುದು ಈ ಕಡೆಗೆ. ನಡುವೆ ಲಾರಿ, ಜೀಪು, ಟಂಟಂಗಳ ಹಾರಾಟ. ಮಕ್ಕಳು ದಾಟುವಾಗ ಗಾಡಿಗಳು ನಿಧಾನವಾಗಲೆಂದು ಇಲ್ಲೊಂದು ಹಂಪ್ ಬೇಕೆಂದು ಅರ್ಜಿ ಬರೆದವಳು ನಾನೇ. ಕಾನ್ವೆಂಟಿನಲ್ಲಿ ಕಲಿತ ಇಂಗ್ಲಿಷನ್ನೆಲ್ಲ ಸುರಿದು, "ವಿತ್ ಡ್ಯೂ ರೆಸ್ಪೆಕ್ಟ್" ಎಂದು ಶುರುಮಾಡಿ "ಫಾರ್ ದಿಸ್ ಆ್ಯಕ್ಟ್ ಆಫ್ ಕೈಂಡ್‌ನೆಸ್" ಎಂದು ಮುಗಿಸಿದ್ದೆ. ಆಫೀಸಿನವರು ಅರ್ಥವಾಗಿ ಹಾಕಿದರೋ, ಅರ್ಥವಾಗದೆ ಹೆದರಿ ಹಾಕಿದರೋ, ಹಂಪ್ ಬಂತು! ನಾನು ಊರಿಗೆಲ್ಲ ಪೇಢೆ ಹಂಚಿದೆ.

ಹಂಪ್ ಹತ್ತುವಾಗ ಗಾಡಿಗಳು ನಿಜಕ್ಕೂ ನಿಧಾನವಾದವು. ಎಲ್ಲಕ್ಕಿಂತ ನಿಧಾನವಾದದ್ದು ಯಾವುದು ಗೊತ್ತೇ? ಎರಡೆರಡು ಟ್ರೇಲರ್ ಕಟ್ಟಿಕೊಂಡು ಫ್ಯಾಕ್ಟರಿಗೆ ಹೋಗುವ ಕಬ್ಬಿನ ಟ್ರ್ಯಾಕ್ಟರು. ಸರಿಯಾಗಿ ನಮ್ಮ ಬಸ್ಸು ನಿಲ್ಲುವ ಜಾಗದಲ್ಲಿ ಅದು ಎಮ್ಮೆಯಂತೆ ತೆವಳತೊಡಗಿತು. ಮೊದಲು ಭರ್ರೆಂದು ಹೋಗುತ್ತಿದ್ದ ಕಬ್ಬು ಈಗ ಮಕ್ಕಳ ಮೂಗಿನ ಮುಂದೆಯೇ ತಡೆದು ನಿಂತು, ಒಂದು ಜರ್ಕ್ ಹೊಡೆದು ಹೋಗುತ್ತಿತ್ತು. ಮಕ್ಕಳ ಸೇಫ್ಟಿಗೆಂದು ನಾನೇ ಹಾಕಿಸಿದ ಹಂಪು ಕಬ್ಬು ಹಿರಿಯುವವರ ಸ್ವರ್ಗವಾಗಿತ್ತು. ನನಗೆ ಇದು ತಿಳಿದದ್ದು ಬ್ಯಾಗಿನಿಂದ ಸಿಪ್ಪೆ ಉದುರಿದ ಮಾರನೆಯ ದಿನ, ಸೋಮವಾರ ಸಂಜೆ, ಕ್ರಾಸಿಗೆ ಹೋಗಿ ನಿಂತು ಕಣ್ಣಾರೆ ನೋಡಿದಾಗ.

ಬಸ್ಸು ಬಂತು. ಡ್ರೈವರ್ ಮೌಲಾಲಿ, ಮಕ್ಕಳ ಬಾಯಲ್ಲಿ ಮೌಲಾ ಮಾಮಾ, ಇಂಡಿಕೇಟರ್ ಹಾಕಿ ನಿಲ್ಲಿಸಿದ. ಮಕ್ಕಳನ್ನು ಇಳಿಸುವ ರೇಣುಕಾ ಎಲ್‌ಕೆಜಿಯ ಕೂಸೊಂದನ್ನು ಎತ್ತಿಕೊಂಡಿದ್ದಳು. ಅಷ್ಟರಲ್ಲಿ ಎದುರಿನಿಂದ ಟ್ರ್ಯಾಕ್ಟರು. ಅದರ ಎರಡೂ ಮಡ್‌ಗಾರ್ಡಿನ ಮೇಲೆ ಪೆಟ್ಟಿಗೆಯಂಥ ಸೌಂಡ್ ಬಾಕ್ಸು, ಎದೆ ನಡುಗುವಂಥ ಹಾಡು. ಮಕ್ಕಳು ಬಸ್ಸಿನ ಹಿಂದಿನಿಂದ ಓಡಿಬಂದು ಕ್ರಿಕೆಟ್ ಫೀಲ್ಡರುಗಳಂತೆ ಜಾಗ ಹಿಡಿದರು. ನಮ್ಮ ಅಕ್ಕೂ ಹೋಗಿ ನಿಂತದ್ದೆಲ್ಲಿ? ಎರಡು ಟ್ರೇಲರುಗಳ ನಡುವಿನ ಸಂದಿಯ ಬಾಯಲ್ಲಿ!

ಮುಂದಿನ ಟ್ರೇಲರು ಹಂಪ್ ಹತ್ತಿತು. ಅಕ್ಕೂ ಹೊರೆಯ ನಡುವಿನ ಗಳವನ್ನು ಹಿಡಿದು ನಡೆಯತೊಡಗಿದಳು. ತುದಿಯದಲ್ಲ, ನಡುವಿನದು. ಅಯ್ಯೋ, ಅದು ನನ್ನದೇ ಟೆಕ್ನಿಕ್ಕು! ಕಿರುಚಿದೆ. ಹಾಡಿನಲ್ಲಿ ನನ್ನ ದನಿ ನನಗೇ ಕೇಳಿಸಲಿಲ್ಲ. ಮೌಲಾಲಿ ಹಾರ್ನ್ ಒತ್ತಿಹಿಡಿದ. ಟ್ರ್ಯಾಕ್ಟರಿನವನು ಅದೂ ಹಾಡಿನ ಭಾಗವೆಂದುಕೊಂಡನೋ ಏನೋ, ತಿರುಗಿ ನೋಡಲಿಲ್ಲ. ಟ್ರೇಲರು ಹಂಪಿನಿಂದ ಇಳಿಯಿತು, ಜರ್ಕ್ ಹೊಡೆಯಿತು, ಗಳ ಬರಲಿಲ್ಲ, ಹುಡುಗಿ ಕೈ ಬಿಡಲಿಲ್ಲ. ತುದಿಗಾಲಲ್ಲಿ ಎಳೆದುಕೊಂಡು ಹೋಯಿತು ಅವಳನ್ನು. ಆಮೇಲೆ ಗಳ ಪಟ್ಟನೆ ಮುರಿಯಿತು. ಅಕ್ಕೂ ರಸ್ತೆಯ ಮೇಲೆ ಕುಕ್ಕರಿಸಿ ಬಿದ್ದಳು, ಅವಳ ವಾಟರ್ ಬಾಟಲು ಮುಂದಕ್ಕೆ ಉರುಳಿತು, ಹಿಂದಿನ ಟ್ರೇಲರಿನ ಗಾಲಿ ಬಾಟಲಿನ ಮೇಲೆ ಹಾದುಹೋಯಿತು.

ಅವಳ ಮೇಲೆ ಅಲ್ಲ. ಬಾಟಲಿನ ಮೇಲೆ.

ಧೂಳಿನಿಂದ ಎದ್ದು ನಿಂತು ಮುರಿದ ಕಬ್ಬನ್ನು ಮೇಲಕ್ಕೆತ್ತಿ ನನ್ನ ಕಡೆ ನೋಡಿ ನಗುತ್ತಾಳೆ. "ಆಯೀ, ಬಂತು! ನೀ ಹೇಳಿದಂಗ ಹಿಡಿದ್ನಿ, ಬಂತು!" ನಮ್ಮ ಕಡೆ ಅಜ್ಜಿಗೆ ಆಯಿ ಎನ್ನುತ್ತಾರೆ.

ಮೌಲಾಲಿ ಚಪಾತಿಯಾಗಿದ್ದ ಬಾಟಲನ್ನು ಹಿಡಿದು ನಮ್ಮ ಮನೆಯವರೆಗೂ ಬಂದ. ಸೊಸೆ ಸುಜಾತಾ ಅದನ್ನು ಕೈಗೆ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದಳು. ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

"ನಾಳಿಂದ ಬಸ್ಸು ಬಂದ್," ಅಂದಳು. "ಸಾಲೀನೂ ಬಂದ್. ಕಬ್ಬಿನ ಸೀಜನ್ ಮುಗಿಯೂತನ ಮನ್ಯಾಗ ಇರ್ಲಿ."

ಅಕ್ಕೂ ಗೊಳೋ ಎಂದಳು. "ಮಮ್ಮೀ, ಸಾಲಿ ಗ್ಯಾದರಿಂಗಿನ್ಯಾಗ ನನ್ನ ಡ್ಯಾನ್ಸೈತಿ!"

"ಡ್ಯಾನ್ಸ್ ಮಾಡಾಕ ಕಾಲು ಇರಬೇಕಲ?"

ನಾನು ನಡುವೆ ಬಾಯಿ ಹಾಕಿದೆ. "ಸುಜಾತಾ, ಬಿ ರೀಸನೆಬಲ್."

"ಅತ್ತೀ, ನೀವು ಸುಮ್ನಿರ್ರಿ. ಹೆಂಗ ಹಿರೀಬೇಕಂತ ಕಲಿಸಿದವರ್ಯಾರು? ಹಂಪ್ ಹಾಕಿಸಿ ಪೇಢೆ ಹಂಚಿದವರ್ಯಾರು?"

ಎರಡಕ್ಕೂ ಉತ್ತರ ನಾನೇ. ವಾದ ಬಿಟ್ಟು, ಸಂತೆಯಲ್ಲಿ ಬದನೆಕಾಯಿಗೆ ಮಾಡುವಂತೆ ಚೌಕಾಶಿಗೆ ಕೂತೆ. ಮೌಲಾಲಿಯೂ ನನ್ನ ಪರವಾಗಿ, "ಅಕ್ಕಾರ, ಒಂದು ವಾರ ನಾನು, ಅಮ್ಮಾರು ಕೂಡಿ ನೋಡ್ತೇವ್ರಿ. ನನಗೂ ಮಕ್ಕಳದಾವು" ಎಂದ. ಕೊನೆಗೆ ಸುಜಾತಾ ಒಪ್ಪಿದ್ದು ಹೀಗೆ: "ಬರೂ ಸೋಮವಾರ ನಾನs ಬಂದು ಕ್ರಾಸಿನ್ಯಾಗ ನಿಂದ್ರತೇನಿ. ಒಂದs ಒಂದು ಕೈ ಕಬ್ಬಿಗೆ ಹೋತಂದ್ರ ಮುಗೀತು."

ಓಹ್, ಆ ವಾರ! ಎಷ್ಟೋ ವರ್ಷಗಳಿಂದ ನನ್ನ ರಕ್ತ ಅಷ್ಟು ಜೋರಾಗಿ ಓಡಿರಲಿಲ್ಲ. ಮಂಗಳವಾರ ಬೆಳಿಗ್ಗೆಯೇ ಛತ್ರಿ ಹಿಡಿದು ಹಂಪಿನ ಪಕ್ಕ ನಿಂತೆ. ನಮ್ಮ ಹೊಲದ ಕಬ್ಬನ್ನೂ ಸಾಗಿಸುವ ಸಿದ್ದು ಎಂಬ ಟ್ರ್ಯಾಕ್ಟರ್ ಡ್ರೈವರ್ ಮೊದಲು ಸಿಕ್ಕ. ಛತ್ರಿ ಎತ್ತಿ ನಿಲ್ಲಿಸಿದೆ. ಅವನು ಹಾಡು ಬಂದ್ ಮಾಡಿ ಮೇಲಿನಿಂದಲೇ ಕೇಳಿದ.

"ಏನ್ ಆಯೀ, ಗಾಡಿ ಹತ್ತಿ ಎಲ್ಲಿಗೆ ಹೊಂಟಿ?"

"ಎಲ್ಲೂ ಇಲ್ಲ. ಸಂಜಿಕ ಬಸ್ಸು ನಿಂತಾಗ ನೀ ಹಂಪಿನ ಈಚೀಗೇ ನಿಂದ್ರಬೇಕು."

"ತುಂಬಿದ ಗಾಡಿ ಆಯೀ. ಒಮ್ಮೆ ನಿಂತ್ರ ಮತ್ತ ಏಳೂದಿಲ್ಲ, ನಿನ್ನಂಗನ."

"ನಾ ದಿನಾ ಏಳಾಕತ್ತೇನಿ. ನಿನ್ನ ಟ್ರ್ಯಾಕ್ಟರಿಗೇನು ಧಾಡಿ?"

ಅವನು ನಕ್ಕ. ನಿನ್ನೆ ಆದದ್ದನ್ನು ಹೇಳಿದಾಗ ನಗು ನಿಂತಿತು. ಆ ಗಾಡಿ ಅವನದಲ್ಲ, ಆದರೂ ಸ್ಟೇರಿಂಗ್ ಮೇಲಿನ ಕೈ ತೆಗೆದು ಮುಖ ಒರೆಸಿಕೊಂಡ. "ಹಿಂದ ಏನ್ ನಡದೈತಿ ನಮಗ ಕಾಣೂದs ಇಲ್ಲ ಆಯೀ. ಎರಡು ಟ್ರೇಲರ್ ಕಬ್ಬು, ಕನ್ನಡ್ಯಾಗ ಬರೇ ಕಬ್ಬs ಕಾಣತೈತಿ," ಎಂದ. ಬಸ್ಸು ನಿಂತಾಗ ನೋಡಿಕೊಂಡು ಹೋಗಿರೆಂದು ತನ್ನ ಜೊತೆಯವರಿಗೆಲ್ಲ ಹೇಳುತ್ತೇನೆಂದ. ಅಷ್ಟೇ ಅಲ್ಲ, ಅವನಿಗೊಂದು ಐಡಿಯಾ ಬಂತು. ಮಕ್ಕಳಿಗೆ ಬೇಕಾದದ್ದು ಕಬ್ಬು ತಾನೇ? ಕೊಟ್ಟುಬಿಟ್ಟರೆ ಹಿರಿಯುವುದೇಕೆ? ದಿನಾ ನಮ್ಮ ಕಟ್ಟೆಯ ಮೇಲೆ ಒಂದು ಕಟ್ಟು ಕಬ್ಬು ಇಳಿಸುವುದೆಂದು ತೀರ್ಮಾನವಾಯಿತು. ಬ್ರಿಲಿಯಂಟ್ ಎಂದುಕೊಂಡೆ.

ಅಂದು ಸಂಜೆ ಕಟ್ಟೆಯ ಮೇಲೆ ರಸ ಜಿನುಗುವ ಕಬ್ಬಿನ ಕಟ್ಟು, ಪಕ್ಕದಲ್ಲಿ ಸಾಂತಾಕ್ಲಾಸಿನಂತೆ ನಾನು. ರೇಣುಕಾಳೂ ಮೌಲಾಲಿಯೂ ಮಕ್ಕಳನ್ನು ಕೈ ಹಿಡಿದೇ ದಾಟಿಸಿ ತಂದರು. ಮಕ್ಕಳು ಕಟ್ಟನ್ನು ನೋಡಿದರು. ನನ್ನನ್ನು ನೋಡಿದರು. "ಬ್ಯಾಡ್ರಿ ಆಯೀ" ಎಂದು ಮನೆಗೆ ಹೊರಟರು!

ಅಕ್ಕೂನನ್ನು ತಡೆದು ಕೇಳಿದೆ. ಅವಳು ನನಗೆ ಎಬಿಸಿಡಿ ಹೇಳಿಕೊಡುವವಳಂತೆ ತಾಳ್ಮೆಯಿಂದ ಹೇಳಿದಳು, "ಕೊಟ್ಟಿದ್ದು ಸಪ್ಪಗಿರತೈತಿ, ಆಯೀ."

ಅವಳು ಹೇಳಿದ್ದು ಸತ್ಯ. ನಾಲ್ಕು ದಿನದಲ್ಲಿ ಕಟ್ಟೆಯ ಕಬ್ಬೆಲ್ಲ ಎಮ್ಮೆಗೆ ಹೋಯಿತು, ಎಮ್ಮೆಯ ಹಾಲು ಮಾತ್ರ ಮೊದಲಿನಷ್ಟೇ ಇತ್ತು. ಮಕ್ಕಳ ಕೈಯನ್ನು ಎಷ್ಟು ದಿನ ಹಿಡಿದಿಟ್ಟುಕೊಳ್ಳಬಹುದು? ಬುಧವಾರ ಒಬ್ಬ ರೇಣುಕಾಳ ಕೈಯಿಂದ ಮೀನಿನಂತೆ ಜಾರಿ ಟ್ರೇಲರಿನ ಹಿಂದೆ ಓಡಿದ. ಗುರುವಾರ ಇಬ್ಬರು. ಶುಕ್ರವಾರ ಮೌಲಾಲಿ ಹಣೆ ಒತ್ತಿಕೊಂಡು ನಮ್ಮ ಕಟ್ಟೆಯ ಮೇಲೆ ಕೂತ. "ಅಮ್ಮಾರ, ಹಿರಿಯೂದು ಬ್ಯಾಡ ಅಂದಷ್ಟೂ ಹಿರೀತಾವ್ರಿ ಇವು."

ಆಗ ನನಗೆ ಹೊಳೆಯಿತು ನೋಡಿ! ಹಾಗಾದರೆ ಹಿರಿಯಲಿ. ಆದರೆ ನಿಂತ ಗಾಡಿಯಿಂದ.

ಶನಿವಾರ ಅರ್ಧ ದಿನದ ಶಾಲೆ. ಅಂದೇ ನಮ್ಮ ಹೊಲದ ಕಬ್ಬಿನ ಕಟಾವಿನ ಪಾಳಿಯೂ ಬಂದಿತ್ತು. ಸಿದ್ದು ತುಂಬಿದ ಟ್ರೇಲರನ್ನು ರಸ್ತೆಯಿಂದ ದೂರ ನಮ್ಮ ಕಣದಲ್ಲಿ ನಿಲ್ಲಿಸಿದ, ಗಾಲಿಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟ, ಟ್ರ್ಯಾಕ್ಟರನ್ನು ಬಿಚ್ಚಿಕೊಂಡು ಹೋಗಿ ಬೇವಿನ ಮರದಡಿ ಎತ್ತು ಕಟ್ಟಿಹಾಕಿದವನಂತೆ ನಿಲ್ಲಿಸಿದ. ಮೌಲಾಲಿ ಶಾಲೆಯವರನ್ನೂ ತಾಯಿ ತಂದೆಯರನ್ನೂ ಕೇಳಿಕೊಂಡು ಬಸ್ಸನ್ನು ಕಣಕ್ಕೇ ತಂದ. ಮಕ್ಕಳ ಕಣ್ಣು ನೋಡಬೇಕಿತ್ತು ನೀವು!

"ಮೊದಲು ನನ್ನ ಆಟ, ಆಮ್ಯಾಲೆ ಕಬ್ಬಿನ ಆಟ," ಎಂದ ಮೌಲಾಲಿ. ಒಬ್ಬೊಬ್ಬರನ್ನೇ ಡ್ರೈವರ್ ಸೀಟಿನಲ್ಲಿ ಕೂರಿಸಿದ. ಅಕ್ಕೂ ಸ್ಟೇರಿಂಗ್ ಹಿಡಿದು ರಾಣಿಯಂತೆ ಕೂತಾಗ ನನ್ನನ್ನು ಕರೆದ. "ಅಮ್ಮಾರ, ಬಸ್ಸಿನ ಮುಂದ ಬಂದು ಬಗ್ಗಿ ಪೆನ್ಸಿಲ್ ಆರಿಸಿದಂಗ ಮಾಡ್ರಿ." ಬಂಪರಿಗೆ ಅಂಟಿಕೊಂಡು ನಿಂತು, ಮೊಣಕಾಲನ್ನು ಬೈಯುತ್ತ ಬಗ್ಗಿದೆ.

"ಅಕ್ಕೂ, ನಿಮ್ಮ ಆಯಿ ಎಲ್ಲಿ?"

"ಆಯಿ... ಇಲ್ಲ!" ಒಳಗಿನಿಂದ ಬಂದ ದನಿಯಲ್ಲಿ ನಗು ಇರಲಿಲ್ಲ. "ಮಾಮಾ, ಆಯಿ ಇಲ್ಲ! ಆಯೀ!"

"ಇಲ್ಲೇ ಅದೇನಿ ಪುಟ್ಟಾ!" ಎಂದು ಕೂಗಿದೆ.

"ಈಗ ನಾ ಬಸ್ಸು ಬಿಟ್ರ?" ಎಂದ ಮೌಲಾಲಿ.

ಅಕ್ಕೂ ಸೀಟಿನಿಂದ ಜಿಗಿದು ಓಡಿಬಂದು ನನ್ನ ಸೀರೆ ಹಿಡಿದಳು. ಮೌಲಾಲಿ ತನ್ನ ದೊಡ್ಡ ಮೀಸೆ ತಿರುವಿ ಎಲ್ಲರಿಗೂ ಪಾಠ ಹೇಳಿದ. "ಇಳದ ಮ್ಯಾಲೆ ಬಸ್ಸಿಂದ ದೂರ ಸರಿದು ಮುಂದ ಬರ್ರಿ. ನನ್ನ ಮೀಸಿ ನಿಮಗ ಕಂಡ್ರ ನೀವು ನನಗ ಕಾಣ್ತೀರಿ. ಮೀಸಿ ಕಾಣಲಿಲ್ಲಂದ್ರ ಅಲ್ಲೇ ನಿಂದರ್ರಿ. ಏನರ ಬಿದ್ರ ಬಗ್ಗಬ್ಯಾಡ್ರಿ, ನನಗ ಹೇಳ್ರಿ. ಹಿಂದಿಂದ ಯಾರೂ ದಾಟಬ್ಯಾಡ್ರಿ. ನಾ ಕೈ ಮಾಡಿದಾಗs ದಾಟ್ರಿ."

ನಾನು ಸಿಸ್ಟರ್ ಬೆನಡಿಕ್ಟಾ ಆಗಿ ಜೋಡಿ ಮಾಡಿದೆ. "ಟೂ ಬೈ ಟೂ! ಹೋಲ್ಡ್ ಹ್ಯಾಂಡ್ಸ್!" ಕಣದಲ್ಲಿ ಬಸ್ಸನ್ನು ಸುತ್ತಿ ಸುತ್ತಿ ದಾಟಿದರು. ದೊಡ್ಡವರ ಕೈಯಲ್ಲಿ ಸಣ್ಣವರ ಕೈ.

ಆಮೇಲೆ ಸಿದ್ದು ಹೊರೆಯ ಮೇಲೆ ಹತ್ತಿ ನಿಂತು ಕೂಗಿದ. "ನಿಂತ ಗಾಡೀದು ನಿಮ್ದು! ಓಡೂ ಗಾಡೀದು ಯಾರದೂ ಅಲ್ಲ! ರಸ್ತೇದಾಗ ಒಬ್ಬ ಕೈ ಹಾಕಿದ್ರೂ ಮುಂದಿನ ಶನಿವಾರ ಗಾಡಿ ಇಲ್ಲ. ಒಪ್ಪಿದ್ರೇನು?"

"ಒಪ್ಪೇವು!"

"ಹಂಗಂದ್ರ ಹಿರೀರಿ!"

ಅಬ್ಬಬ್ಬ, ಆ ಗದ್ದಲ! ನಿಂತ ಹೊರೆಯಿಂದ ಹಿರಿಯುವುದು ಇನ್ನೂ ಕಷ್ಟ. ಒಬ್ಬರ ಸೊಂಟ ಇನ್ನೊಬ್ಬರು ಹಿಡಿದು ಸರಪಳಿ ಕಟ್ಟಿದರು. ಮೇಲೆ ನಿಂತ ಸಿದ್ದು ಬೇಕೆಂದೇ ಕುಣಿದು ಹೊರೆ ಸಡಿಲಿಸುತ್ತಿದ್ದ. ಗಳ ಸರ್ರನೆ ಬಂದರೆ ಇಡೀ ಸರಪಳಿ ಹೊಟ್ಟಿನ ಮೇಲೆ ಮಲಗುತ್ತಿತ್ತು. ರೇಣುಕಾಳೂ ಸೆರಗು ಕಟ್ಟಿ ನುಗ್ಗಿದಳು. ಅಕ್ಕೂ ತನ್ನ ಎತ್ತರದ ಎರಡರಷ್ಟು ಗಳ ಹಿರಿದು ಮೊದಲ ಗಣಿಕೆ ನನಗೇ ಕೊಟ್ಟಳು. ನನ್ನ ಡೆಂಚರ್ ಅದಕ್ಕೆ ಒಪ್ಪಲಿಲ್ಲ. ನೆಕ್ಕಿದೆ. ವೆರಿ ಸ್ವೀಟ್.

ಆದರೆ ಪರೀಕ್ಷೆ ಇದ್ದದ್ದು ಸೋಮವಾರ. ಸುಜಾತಾ ಕೈಕಟ್ಟಿ ನನ್ನ ಪಕ್ಕದಲ್ಲಿ, ರಸ್ತೆಯ ಈ ಕಡೆ ನಿಂತಿದ್ದಳು. ಬಸ್ಸು ಬಂತು, ಇಂಡಿಕೇಟರ್ ಮಿನುಗಿತು, ಮಕ್ಕಳು ಇಳಿದು ದೂರ ಸರಿದು ಜೋಡಿಯಾದರು. ಅಕ್ಕೂ ಎಲ್‌ಕೆಜಿಯ ಕೂಸಿನ ಕೈ ಹಿಡಿದಿದ್ದಳು. ಅಷ್ಟರಲ್ಲಿ ಟ್ರ್ಯಾಕ್ಟರು ಬಂದೇಬಂತು. ಸಿದ್ದುವಿನದಲ್ಲ, ಯಾವ ಊರಿನದೋ. ಹಾಡು ಹಾಡುತ್ತ ಹಂಪ್ ಹತ್ತಿತು. ಎರಡು ಟ್ರೇಲರಿನ ಕಬ್ಬು ಮಕ್ಕಳ ಕಣ್ಣ ಮುಂದೆ ತೂಗುತ್ತಿತ್ತು. ಟ್ರೇಲರುಗಳ ಸಂದಿಯಿಂದ ಆಚೆ ನೋಡಿದೆ. ಒಂದು ಕಾಲು ಕದಲಲಿಲ್ಲ! ಒಂದು ಕೈ ಏಳಲಿಲ್ಲ! ಸಾಲಿಗೆ ಸಾಲೇ ಮೌಲಾಲಿಯ ಮೀಸೆಯನ್ನೇ ನೋಡುತ್ತ ನಿಂತಿತ್ತು. ನನಗೆ ಕುಣಿಯುವಷ್ಟು ಖುಷಿ. ನೋಡು ಸುಜಾತಾ, ಜಸ್ಟ್ ಲುಕ್ ಎನ್ನಬೇಕೆಂದು ಬಾಯಿ ತೆರೆದೆ.

ಆಗಲೇ ಹಿಂದಿನ ಟ್ರೇಲರು ನನ್ನ ಪಕ್ಕಕ್ಕೆ ಬಂದು ನಿಧಾನಿಸಿತು. ಹೊರೆಯ ನಡುವಿನಿಂದ ಒಂದು ಗಳ, ದಪ್ಪನೆಯದು, ಮಾಗಿ ಕೆಂಪೇರಿದ್ದು, ಸರಿಯಾಗಿ ನನ್ನ ಭುಜದ ಮಟ್ಟಕ್ಕೆ ಹೊರಚಾಚಿತ್ತು. ಏನಾಯಿತೋ ನನಗೆ ಗೊತ್ತಿಲ್ಲ. ಟ್ರೇಲರು ಈಗ ಇಳಿಯುತ್ತದೆ, ಈಗ ಜರ್ಕ್ ಹೊಡೆಯುತ್ತದೆ ಎಂದು ಗೊತ್ತಿದ್ದ ಕೈ ನನ್ನನ್ನು ಕೇಳದೆಯೇ ಮೇಲೆದ್ದು ಕಬ್ಬನ್ನು ಹಿಡಿದಿತ್ತು.

"ಆಯೀ! ಕೈ ತಗೀ!"

ರಸ್ತೆಯ ಆ ಕಡೆಯಿಂದ ಅಕ್ಕೂ. ಎಂಥ ದನಿ! ಸೌಂಡ್ ಬಾಕ್ಸನ್ನೂ ಸೀಳಿಕೊಂಡು ಬಂತು. "ಹಿಂದ ಸರಿ! ಅಲ್ಲೇ ನಿಂದ್ರು!"

ಕೈ ಬಿಟ್ಟೆ. ಹಿಂದೆ ಸರಿದು ನಿಂತೆ. ಟ್ರೇಲರು ಧಡಕ್ಕನೆ ಇಳಿದು ಹೋಯಿತು. ರಸ್ತೆ ಖಾಲಿಯಾಯಿತು, ಮೌಲಾಲಿ ಎರಡೂ ಕಡೆ ನೋಡಿ ಕೈ ಮಾಡಿದ, ಮಕ್ಕಳು ಜೋಡಿ ಜೋಡಿಯಾಗಿ ದಾಟಿ ಬಂದರು. ಅಕ್ಕೂ ಕೂಸನ್ನು ಅದರ ಅವ್ವನ ಕೈಗೆ ಒಪ್ಪಿಸಿ, ಸೊಂಟದ ಮೇಲೆ ಕೈಯಿಟ್ಟು ನನ್ನ ಮುಂದೆ ನಿಂತಳು. ನಾನು ತಲೆ ತಗ್ಗಿಸಿದೆ. ಸುಜಾತಾ ಕಟ್ಟಿದ ಕೈ ಬಿಚ್ಚಿದಳು. ಮೊದಲು ಮಗಳನ್ನು ನೋಡಿದಳು, ಆಮೇಲೆ ನನ್ನನ್ನು.

"ಬಸ್ಸು ಬರ್ಲಿ, ಅಕ್ಕೂ ಸಾಲಿಗೆ ಹೋಗ್ಲಿ," ಅಂದಳು. "ಅತ್ತೀ, ಸೀಜನ್ ಮುಗಿಯೂತನ ನೀವು ಮನ್ಯಾಗ ಇರ್ರಿ."